ಅಡ್ಡಹಳಿಯ ಊರು ಕೊರಿಂತ್

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಸಂಘ ಬೆಳೆದು ಬಂದ ದಾರಿಯನ್ನು ಹೇಗೂ ನಾಲ್ಕಾರು ಜನ ಬರೆಯುತ್ತಾರೆ, ನಾವು ಬೇರೆ ಏನಾದರೂ ಬರೆಯೋಣ ಅಂದುಕೊಂಡೆವು. ಹಂಗಾಗಿ ಇದು ಅಮೆರಿಕದ ಒಂದು ಸಣ್ಣ ರೈಲ್ವೆ ಊರಿನ ಕಥೆ. ಅದಕ್ಕೂ ನಮ್ಮ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ಓದುಗ ಬಂಧುಗಳು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕು, ಅಷ್ಟೆ.

ಅಮೆರಿಕದ ದಕ್ಷಿಣ ಭಾಗದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. ಅದರ ಈಶಾನ್ಯ ಮೂಲೆಯಲ್ಲಿ, ಟೆನೆಸಿ ರಾಜ್ಯದ ಗಡಿಗೆ ಹತ್ತಿರ ಕೊರಿಂತ್ ಊರು ಇದೆ. ಈ ಸೀಮೆ ಮೊದಲು ಚಿಕಸಾ ಎಂಬ ಮೂಲನಿವಾಸಿಗಳದ್ದು. 1832ರ ಒಪ್ಪಂದದಲ್ಲಿ ಅವರು ನೆಲ ಬಿಟ್ಟುಕೊಡಬೇಕಾಯಿತು. ಆಮೇಲೆ ಬಿಳಿಯ ಜಮೀನುದಾರರು ಬಂದರು, ಹತ್ತಿ ಬಂತು, ಹತ್ತಿಯ ಜೊತೆಗೆ ಅದನ್ನು ಬೆಳೆಯಲು ಕಪ್ಪು ಗುಲಾಮರನ್ನೂ ತಂದರು.

1850ರ ದಶಕದಲ್ಲಿ ಎರಡು ರೈಲ್ವೆ ಕಂಪನಿಗಳು ಈ ಕಾಡಿನಲ್ಲಿ ಸರ್ವೆ ಮಾಡಿಸಿದವು. ಒಂದು ಮೊಬೈಲ್ ಅಂಡ್ ಓಹಾಯೋ. ದಕ್ಷಿಣದ ಮೊಬೈಲ್ ಬಂದರಿನಿಂದ ಉತ್ತರಕ್ಕೆ ಹೋಗುವ ದಾರಿ. ಇನ್ನೊಂದು ಮೆಂಫಿಸ್ ಅಂಡ್ ಚಾರ್ಲ್‌ಸ್ಟನ್. ಮಿಸಿಸಿಪ್ಪಿ ನದಿ ದಡದ ಮೆಂಫಿಸ್‌ನಿಂದ ಪೂರ್ವಕ್ಕೆ ಹೋಗುವ ದಾರಿ. ಎರಡೂ ಎಲ್ಲಿ ಒಂದನ್ನೊಂದು ಕತ್ತರಿಸುತ್ತವೆಯೋ ಅಲ್ಲಿ 1853ರಲ್ಲಿ ಊರು ಹುಟ್ಟಿತು. ಹೆಸರು ಕ್ರಾಸ್ ಸಿಟಿ, ಅಂದರೆ ಅಡ್ಡದಾರಿಯ ಪಟ್ಟಣ. ನೇರವಾದ ಹೆಸರೇ. ಆದರೆ ಅಲ್ಲಿನ ಪತ್ರಿಕೆಯ ಸಂಪಾದಕ ಡಬ್ಲ್ಯು. ಇ. ಗಿಬ್ಸನ್ ಎಂಬಾತನಿಗೆ ಅದು ಸಾಲದು ಅನ್ನಿಸಿತು. ಗ್ರೀಸ್ ದೇಶದಲ್ಲಿಯೂ ದಾರಿಗಳು ಕೂಡುವ ಕೊರಿಂತ್ ಎಂಬ ಪುರಾತನ ನಗರವಿದೆ, ಆ ಹೆಸರೇ ಇರಲಿ ಅಂದ. ಇಂಥ ಸಂಪಾದಕರು ಎಲ್ಲಾ ದೇಶದಲ್ಲೂ ಇರುತ್ತಾರೆ!

ಮೆಂಫಿಸ್ ದಾರಿ 1857ರಲ್ಲಿ ಪೂರ್ತಿಯಾಯಿತು, ಮೊಬೈಲ್ ದಾರಿ 1861ರಲ್ಲಿ. ಆ ಹೊತ್ತಿಗೆ ಊರಿನ ಜನ ಸುಮಾರು 1,200. ಹಳಿ ಪಕ್ಕದಲ್ಲೇ ಟಿಶೊಮಿಂಗೊ ಹೋಟೆಲು, ಅಂಗಡಿ ಸಾಲು. ದಕ್ಷಿಣದ ರೈಲುದಾರಿಗಳಿಗೆ ಮಣ್ಣು ಅಗೆದವರು, ಮರ ಕಡಿದವರು, ಹಳಿ ಹೊತ್ತವರು ಬಹುತೇಕ ಗುಲಾಮರೇ. ಅವರ ಒಡೆಯರು ಅವರನ್ನು ಎತ್ತು ಗಾಡಿ ಬಾಡಿಗೆಗೆ ಕೊಟ್ಟ ಹಾಗೆ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ದುಡ್ಡು ಒಡೆಯನ ಜೇಬಿಗೆ.

1861ರ ಏಪ್ರಿಲ್‌ನಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿಕೊಂಡಿತು. ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ದಕ್ಷಿಣದವರಿಗಿದ್ದ ನೇರ ರೈಲು ಮೆಂಫಿಸ್ ದಾರಿ ಒಂದೇ. ಊರನ್ನು ಹುಟ್ಟಿಸಿದ ಹಳಿಗಳೇ ಈಗ ಊರಿಗೆ ಕಂಟಕವಾದವು. 1862ರ ಏಪ್ರಿಲ್ 6 ಮತ್ತು 7ರಂದು ಹತ್ತಿರದ ಶೈಲೋದಲ್ಲಿ ಕಾಳಗವಾಗಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 23,000ಕ್ಕೂ ಹೆಚ್ಚು. ದಕ್ಷಿಣದ ಗಾಯಾಳುಗಳನ್ನೆಲ್ಲ ಕೊರಿಂತ್‌ಗೆ ತಂದರು. ಹೋಟೆಲೂ ಆಸ್ಪತ್ರೆಯಾಯಿತು, ಹೆಣ್ಣುಮಕ್ಕಳ ಕಾಲೇಜೂ ಆಸ್ಪತ್ರೆಯಾಯಿತು. ಕುಡಿಯುವ ನೀರು ಕೆಟ್ಟು ಸಾವಿರಾರು ಸೈನಿಕರು ಕಾಯಿಲೆ ಬಿದ್ದರು.

ಉತ್ತರದ ಲಕ್ಷಕ್ಕೂ ಮೀರಿದ ಸೈನ್ಯ ಊರಿನ ಹತ್ತಿರ ಬಂದು ಕೂತಾಗ ದಕ್ಷಿಣದ ಸೇನಾಪತಿ ಬೋರ್‌ಗಾರ್ಡ್ ಒಂದು ಉಪಾಯ ಮಾಡಿದ. ಖಾಲಿ ರೈಲು ಬಂದಾಗಲೆಲ್ಲ ತನ್ನ ಸೈನಿಕರಿಂದ ಜಯಘೋಷ ಹಾಕಿಸಿದ. ಕೇಳಿದವರು ಹೊಸ ಪಡೆ ಬಂದಿಳಿಯಿತು ಅಂತ ತಿಳಿದ್ರು. ಮೇ 30ರ ಬೆಳಗ್ಗೆ ನೋಡಿದರೆ ಊರು ಖಾಲಿ! ಅಕ್ಟೋಬರ್‌ನಲ್ಲಿ ದಕ್ಷಿಣದವರು ಮತ್ತೆ ಬಂದು ಮುತ್ತಿದರು, 3 ಮತ್ತು 4ರಂದು ಹೋರಾಡಿ ಸೋತು ಹೋದರು. ಸೇನಾಪತಿಗಳ ಈ ಕಥೆಗಳನ್ನು ಬರೆದ ಪುಸ್ತಕಗಳು ಬೇಕಾದಷ್ಟಿವೆ, ನಾವು ಅಲ್ಲಿ ನಿಲ್ಲುವುದಿಲ್ಲ.

ನಮಗೆ ಬೇಕಾದ್ದು ಮುಂದಿನದು. ಉತ್ತರದ ಸೈನ್ಯ ಕೊರಿಂತ್‌ನಲ್ಲಿದೆ ಎಂಬ ಸುದ್ದಿ ಹಬ್ಬುತ್ತಲೇ ಸುತ್ತಲಿನ ತೋಟಗಳಿಂದ ಗುಲಾಮರು ಓಡಿ ಬರತೊಡಗಿದರು. ಹೆಂಗಸರು, ಕೂಸುಗಳು, ಮುದುಕರು. ಸೈನ್ಯದ ಭಾಷೆಯಲ್ಲಿ ಅವರು 'ಕಾಂಟ್ರಾಬ್ಯಾಂಡ್', ಅಂದರೆ ಶತ್ರುವಿನಿಂದ ವಶಪಡಿಸಿಕೊಂಡ ಮಾಲು. ಓಡಿ ಬಂದ ಮನುಷ್ಯರಿಗೆ ಇಟ್ಟ ಹೆಸರು ನೋಡಿ. 1862ರ ಕೊನೆಯಲ್ಲಿ ಅವರಿಗಾಗಿ ಒಂದು ಶಿಬಿರ ಶುರುವಾಯಿತು. ಜೇಮ್ಸ್ ಅಲೆಕ್ಸಾಂಡರ್ ಎಂಬ ಸೈನ್ಯದ ಪಾದ್ರಿ ಅದರ ಮೇಲ್ವಿಚಾರಕ. ಮೊದಲು ಡೇರೆಗಳು, ಆಮೇಲೆ ಅವರೇ ಮರದ ದಿಮ್ಮಿಗಳಿಂದ ಕಟ್ಟಿಕೊಂಡ ಮನೆಗಳು, ಚರ್ಚು, ಶಾಲೆ, ಆಸ್ಪತ್ರೆ. ಜನ ಹೆಚ್ಚುತ್ತಾ ಹೋಗಿ 6,000 ಮುಟ್ಟಿತು. ಊರಿನ ಮೂಲ ಜನಸಂಖ್ಯೆಯ ಐದು ಪಟ್ಟು!

ಇಲ್ಲಿಯೇ ಸಹಕಾರದ ಮಾತು ಬರುವುದು. ಶಿಬಿರದವರು ಒಟ್ಟಾಗಿ ಸಹಕಾರಿ ಬೇಸಾಯ ಮಾಡಿದರು. ಹತ್ತಿ ಬೆಳೆದರು, ತರಕಾರಿ ಬೆಳೆದರು, ಮಾರಿದರು. 1863ರ ಮೇ ಹೊತ್ತಿಗೆ ಖರ್ಚು ಕಳೆದು ಶಿಬಿರಕ್ಕೆ ಉಳಿದ ನಿವ್ವಳ ಲಾಭ 4,000ದಿಂದ 5,000 ಡಾಲರು. ಆರು ತಿಂಗಳ ಹಿಂದೆ ತಮ್ಮ ದೇಹವೇ ತಮ್ಮದಲ್ಲದ ಜನ ಇವರು. ರಾಚ್‌ಡೇಲ್‌ನ ನೇಕಾರರು ಅಂಗಡಿ ತೆರೆದು ಆಗ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ನಮ್ಮ ಕಣಗಿನಹಾಳದ ಸಂಘ ಹುಟ್ಟಲು (1905) ಇನ್ನೂ ನಲವತ್ತು ವರ್ಷವಿತ್ತು. ಇದನ್ನು ನಮ್ಮಂಥ ಸಂಘ ಅಂತ ಹೇಳಿದರೆ ತಪ್ಪಾಗುತ್ತೆ. ಮೇಲುಸ್ತುವಾರಿ ಸೈನ್ಯದ್ದು, ಹಿಡಿತವೂ ಸೈನ್ಯದ್ದು. ಆದರೂ ಒಟ್ಟಿಗೆ ದುಡಿದದ್ದು, ಲಾಭ ತೋರಿಸಿದ್ದು ಸುಳ್ಳಲ್ಲ.

ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. ಈ ಶಿಬಿರದಲ್ಲಿ 1863ರ ಆಗಸ್ಟ್ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು, ದೊಡ್ಡವರು ಓದಲು ಕಲಿತಿದ್ದರು. ಗಂಡಸರು ಸೈನ್ಯಕ್ಕೆ ಸೇರಿದರು. ಸುಮಾರು 2,000 ಜನ. ಮೊದಲನೆಯ ಅಲಬಾಮ ಪದಾತಿ ದಳ ಎಂಬ ಕಪ್ಪು ಜನರ ಪಡೆ ಹುಟ್ಟಿದ್ದು ಹೀಗೆ.

ಇದೇ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಇತ್ತ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದದ್ದನ್ನೂ, ಯುದ್ಧ ಮುಗಿದ 1865ರಲ್ಲಿ ಬೆಲೆ ಬಿದ್ದದ್ದನ್ನೂ ಇಲ್ಲಿ ನೆನೆಯಬಹುದು.

ಶಿಬಿರ ಬಹಳ ದಿನ ಉಳಿಯಲಿಲ್ಲ. 1863ರ ಡಿಸೆಂಬರ್‌ನಲ್ಲಿ ಅಷ್ಟೂ ಜನರನ್ನು ಮೆಂಫಿಸ್‌ಗೆ ಸಾಗಿಸಿದರು. ಅಲ್ಲಿ ಸಿಕ್ಕಿದ್ದು ಮಾಮೂಲಿ ನಿರಾಶ್ರಿತರ ಶಿಬಿರ. ಹೊಲ ಹೋಯಿತು, ಕಟ್ಟಿದ ಮನೆ ಹೋಯಿತು. ಮುಂದಿನ ತಿಂಗಳು ಸೈನ್ಯವೂ ಕೊರಿಂತ್ ಬಿಟ್ಟಿತು. ಲಾಭ ತೋರಿಸಿದ ಒಂದು ಸಂಸ್ಥೆಯನ್ನು ಸದಸ್ಯರ ಮಾತು ಕೇಳದೆ ಮುಚ್ಚುವುದು ಎಂದರೆ ಏನು ಅಂತ ಸಹಕಾರಿಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

1866ರಲ್ಲಿ ಅಲ್ಲಿ ಸೈನಿಕರ ರಾಷ್ಟ್ರೀಯ ಸ್ಮಶಾನವಾಯಿತು. 1870ರ ಕೊನೆಗೆ ಅಲ್ಲಿದ್ದ ಸಮಾಧಿಗಳು 5,688. ಅದರಲ್ಲಿ 3,895 ಜನರ ಹೆಸರೇ ಗೊತ್ತಿಲ್ಲ. ಅದೇ 1870ರಲ್ಲಿ ಹೊಸ ಆಲ್ಕಾರ್ನ್ ಕೌಂಟಿ ರಚನೆಯಾಗಿ ಕೊರಿಂತ್ ಅದರ ಕೇಂದ್ರವಾಯಿತು. ಅಂಗಡಿ ಮುಂಗಟ್ಟು ಮತ್ತೆ ತೆರೆದವು, ರೈಲುಗಳು ಮತ್ತೆ ಓಡಿದವು.

ಶಿಬಿರವಿದ್ದ ಜಾಗದ ಒಂದು ಭಾಗ ಈಗ ಶೈಲೋ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಅಲ್ಲಿನ ಕಾಲುದಾರಿಯ ಪಕ್ಕದಲ್ಲಿ ಆ ಜನರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ಊರೊಳಗೆ ಎರಡು ಹಳಿಗಳು ಈಗಲೂ ಅಲ್ಲೇ ಒಂದನ್ನೊಂದು ಕತ್ತರಿಸುತ್ತವೆ. ಪಕ್ಕದ ಹಳೇ ಸ್ಟೇಷನ್ನು ಮ್ಯೂಸಿಯಂ ಆಗಿದೆ, ಗೂಡ್ಸ್ ಗಾಡಿಗಳು ಅದರ ಮುಂದೆಯೇ ಹಾದು ಹೋಗುತ್ತವೆ.