ಸಮ್ಮತಿಯ ನ್ಯಾಯ: ಪುಣೆಯ ಲವಾದ ಪದ್ಧತಿಯಿಂದ ಕೈಗಾರಿಕಾ ಸಂಧಾನದವರೆಗೆ

ಯಜಮಾನನಿಗೂ ಕೂಲಿಗಾರನಿಗೂ ನಡುವೆ ಹುಟ್ಟುವ ವ್ಯಾಜ್ಯವನ್ನು ನ್ಯಾಯಾಸನದ ಆಜ್ಞೆಯಿಂದಲ್ಲದೆ ಉಭಯಪಕ್ಷಗಳ ಒಪ್ಪಿಗೆಯಿಂದ ಪರಿಹರಿಸುವ ಕ್ರಮವು ಪಾಶ್ಚಾತ್ಯ ಯಂತ್ರನಾಗರಿಕತೆಯೊಡನೆ ನಮ್ಮಲ್ಲಿಗೆ ಬಂದುದೆಂಬ ಭಾವನೆ ಸಾಮಾನ್ಯವಾಗಿದೆ. ಕಾಯಿದೆಗಳ ಹೊರರೂಪವನ್ನಷ್ಟೆ ನೋಡುವವರಿಗೆ ಇದು ನಿಜವೆಂದು ತೋರಬಹುದು. ಆದರೆ ಪುಣೆಯ ಇನ್ನೂರು ವರ್ಷಗಳ ಚರಿತ್ರೆಯನ್ನು ಹಿಡಿದು ನಡೆದವರಿಗೆ, ಮಧ್ಯಸ್ಥನ ಮಾತಿಗೆ ಬಲ ಬರುವುದು ಎಲ್ಲಿಂದ ಎಂಬ ಒಂದೇ ಪ್ರಶ್ನೆಯು ಪೇಶ್ವೆಯರ ಕಾಲದ ಪಂಚಾಯಿತಿಯಿಂದ ಪಿಂಪ್ರಿಯ ಕಾರ್ಖಾನೆಗಳವರೆಗೆ ಬೇರೆ ಬೇರೆ ವೇಷಗಳಲ್ಲಿ ಮರಳಿ ಬಂದಿರುವುದು ಗೋಚರಿಸುತ್ತದೆ.

ಪೇಶ್ವೆಯರ ರಾಜ್ಯ ಕಂಪೆನಿಯ ವಶವಾದ ಮೇಲೆ 1819ರಲ್ಲಿ ತನ್ನ ಪ್ರಸಿದ್ಧ ವರದಿಯನ್ನು ಬರೆದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು ಪಂಚಾಯಿತಿಯ ವಿಳಂಬವನ್ನೂ ಲೋಪಗಳನ್ನೂ ಮರೆಮಾಚದೆ ವರ್ಣಿಸಿದನಾದರೂ, ಅದನ್ನು ಉಳಿಸಿಕೊಳ್ಳುವುದೇ ಲೇಸೆಂದು ಅಭಿಪ್ರಾಯಪಟ್ಟನು. ಪಂಚರ ತೀರ್ಪಿಗೆ ಬದ್ಧರಾಗಿರುವೆವೆಂದು ವಾದಿಪ್ರತಿವಾದಿಗಳು ಮೊದಲೇ ಬರೆದುಕೊಡುತ್ತಿದ್ದ ಪತ್ರವೇ ಆ ವ್ಯವಸ್ಥೆಯ ಆಧಾರಸ್ತಂಭವಾಗಿದ್ದಿತು. ಮುಂಬಯಿ ಪ್ರಾಂತದ 1827ರ ಏಳನೆಯ ನಿಬಂಧನೆಯು ಪಂಚಾಯಿತಿ ತೀರ್ಪಿಗೆ ಕಾನೂನಿನ ಸ್ಥಾನವನ್ನು ಕೊಟ್ಟರೂ, ನ್ಯಾಯಾಲಯ ಬೆಳೆದಂತೆಲ್ಲ ಪಂಚರ ಗೌರವ ಕುಗ್ಗಿತು. 1870ರಲ್ಲಿ ಸ್ಥಾಪಿತವಾದ ಪುಣೆಯ ಸಾರ್ವಜನಿಕ ಸಭೆ, ‘ಸಾರ್ವಜನಿಕ ಕಾಕಾ’ ಎಂದು ಖ್ಯಾತರಾದ ಗಣೇಶ ವಾಸುದೇವ ಜೋಶಿಯವರ ಮುಂದಾಳುತನದಲ್ಲಿ, ಆ ದಶಕದಲ್ಲಿಯೇ ಲವಾದ ಕೋರ್ಟುಗಳನ್ನು, ಎಂದರೆ ಪಂಚರ ಮಧ್ಯಸ್ಥಿಕೆಯ ನ್ಯಾಯಸಭೆಗಳನ್ನು, ತೆರೆದು ಆ ಗೌರವವನ್ನು ಮರಳಿ ತರಲು ಯತ್ನಿಸಿತು.

1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಸಾಹುಕಾರರ ವಿರುದ್ಧ ರೈತರು ದಂಗೆಯೆದ್ದುದರ ಫಲವಾಗಿ ಬಂದ 1879ರ ದಖ್ಖಣ ಕೃಷಿಕರ ಪರಿಹಾರ ಕಾಯಿದೆಯು ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳಲ್ಲಿ ರಾಜಿಸಂಧಾನಕಾರರನ್ನು ನೇಮಿಸಿ, ಅವರ ಪ್ರಮಾಣಪತ್ರವಿಲ್ಲದೆ ರೈತನ ಮೇಲೆ ದಾವೆ ಹೂಡಬಾರದೆಂದು ವಿಧಿಸಿತು. ಲವಾದದಲ್ಲಿ ಪಕ್ಷಗಳು ಇಚ್ಛೆಯಿಂದ ಪಂಚರನ್ನು ಅರಸಿ ಹೋಗುತ್ತಿದ್ದರೆ, ಇಲ್ಲಿ ಸರಕಾರವೇ ಅವರನ್ನು ಸಂಧಾನಕ್ಕೆ ಕರೆದೊಯ್ಯಿತು. ಸ್ವೇಚ್ಛೆಯ ಸಂಧಾನ, ವಿಧಿತ ಸಂಧಾನ ಎಂಬ ಈ ಎರಡು ಮಾರ್ಗಗಳ ನಡುವಣ ತಿಕ್ಕಾಟವೇ ಮುಂದಿನ ಕಾರ್ಮಿಕ ಕಾನೂನಿನ ಕಥೆಯೂ ಆಗಿದೆ.

ಕಾರ್ಖಾನೆಯ ಕ್ಷೇತ್ರದಲ್ಲಿ ಮೊದಲ ಮಾರ್ಗದ ಮಹೋದಾಹರಣೆ ಅಹಮದಾಬಾದಿನದು. 1918ರಲ್ಲಿ ನೂರಕ್ಕೆ 35ರಷ್ಟು ಕೂಲಿಯ ಏರಿಕೆಗಾಗಿ ನಡೆದ ಗಿರಣಿ ಮುಷ್ಕರವು ಗಾಂಧೀಜಿಯವರ ಉಪವಾಸದ ತರುವಾಯ ಆನಂದಶಂಕರ ಧ್ರುವರ ಮಧ್ಯಸ್ಥಿಕೆಗೆ ಒಪ್ಪಿತವಾಗಿ, ಕೊನೆಗೆ ಕೇಳಿದಷ್ಟೇ ಏರಿಕೆಯ ತೀರ್ಪಿನಲ್ಲಿ ಮುಗಿಯಿತು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ಎನ್. ಎಂ. ಜೋಶಿಯವರು 1929ರ ರಾಯಲ್ ಕಾರ್ಮಿಕ ಆಯೋಗದಲ್ಲಿ ಕುಳಿತರು. ಆ ಆಯೋಗವು ಜಗಳ ಬಲಿತ ಮೇಲೆ ಮಂಡಲಿ ನೇಮಿಸುವುದಕ್ಕಿಂತ ಮೊದಲೇ ಮಧ್ಯೆ ಪ್ರವೇಶಿಸುವ ಸಂಧಾನಾಧಿಕಾರಿಗಳು ಬೇಕೆಂದಿತು. ಆದರೆ ಮುಂಬಯಿ ಪ್ರಾಂತವು 1938ರ ಕಾಯಿದೆಯಲ್ಲಿ ಸಂಧಾನವನ್ನು ಮುಷ್ಕರಕ್ಕೆ ಪೂರ್ವಭಾವಿಯಾದ ಕಡ್ಡಾಯವನ್ನಾಗಿ ಮಾಡಿದಾಗ, ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಕೂಡಿ ನವೆಂಬರ್ 7ರಂದು ಪ್ರತಿಭಟನೆಯ ಮುಷ್ಕರ ಹೂಡಿದರು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಸಂಧಾನಾಧಿಕಾರಿಗೆ 14 ದಿನಗಳ ಅವಧಿಯನ್ನು ಗೊತ್ತುಮಾಡಿ, ಅದು ವಿಫಲವಾದರೆ ವಿವಾದವನ್ನು ನ್ಯಾಯಾಧಿಕರಣಕ್ಕೆ ಒಪ್ಪಿಸುವ ಅಧಿಕಾರವನ್ನು ಸರಕಾರದ ಕೈಯಲ್ಲಿ ಇರಿಸಿತು. ಸ್ವೇಚ್ಛೆಯ ಮಧ್ಯಸ್ಥಿಕೆಗೆ 10-ಎ ಕಲಮಿನಲ್ಲಿ ಎಡೆ ದೊರೆತುದು 1956ರಲ್ಲಿ.

ಈ ಸಮಸ್ಯೆಯನ್ನು ತಾತ್ತ್ವಿಕವಾಗಿ ವಿಮರ್ಶಿಸಿದವರಲ್ಲಿ ಅಗ್ರಗಣ್ಯರು ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರರು. ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡದಿಂದ ಮನೆತನದ ಹೆಸರನ್ನು ಪಡೆದು, 1901ರಲ್ಲಿ ಸಾತಾರೆಯಲ್ಲಿ ಜನಿಸಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಅನಂತರ ಪುಣೆಯ ಡೆಕ್ಕನ್ ಕಾಲೇಜು ಮತ್ತು ಲಾ ಕಾಲೇಜುಗಳಲ್ಲಿಯೂ ಓದಿದ ಇವರು, 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದರು. ಬ್ಯಾಂಕು ನೌಕರರ ತೀರ್ಪನ್ನು ಸರಕಾರ ತಿದ್ದಿದುದನ್ನು ವಿರೋಧಿಸಿ 1954ರಲ್ಲಿ ವಿ. ವಿ. ಗಿರಿಯವರು ಮಂತ್ರಿಪದವನ್ನು ತ್ಯಜಿಸಿದ ಬಳಿಕ ನೇಮಕವಾದ ಆಯೋಗವನ್ನು, ಅದನ್ನು ಮೊದಲು ವಹಿಸಿಕೊಂಡಿದ್ದ ನ್ಯಾಯಮೂರ್ತಿ ರಾಜಾಧ್ಯಕ್ಷರ ನಿಧನಾನಂತರ, 1955ರಲ್ಲಿ ಪೂರ್ಣಗೊಳಿಸಿದವರು ಇವರೇ. ಹಿಂದ್ ಸೈಕಲ್ಸ್ ಮೊಕದ್ದಮೆಯಲ್ಲಿ 1962ರಲ್ಲಿ ಅವರು, 10-ಎ ಕಲಮಿನ ಮಧ್ಯಸ್ಥನು ಬರಿಯ ಖಾಸಗಿ ಪಂಚನಲ್ಲದಿದ್ದರೂ, ಪಕ್ಷಗಳ ಒಪ್ಪಂದದಿಂದ ನಿಯುಕ್ತನಾದವನಾದುದರಿಂದ ರಾಜ್ಯದ ನ್ಯಾಯಾಧಿಕಾರವನ್ನು ವಹಿಸಿದ ನ್ಯಾಯಾಧಿಕರಣವಾಗಲಾರನೆಂದು ನಿರ್ಣಯಿಸಿದರು. ಅವನ ಅಧಿಕಾರದ ಮೂಲ ಸಮ್ಮತಿಯೆಂಬುದೇ ಇದರ ಇಂಗಿತಾರ್ಥ.

ಆದರೆ ಸಾವಿರಾರು ಜನರ ಪರವಾಗಿ ಸಮ್ಮತಿಸತಕ್ಕವರು ಯಾರು? ಗಜೇಂದ್ರಗಡಕರರ ಅಧ್ಯಕ್ಷತೆಯಲ್ಲಿ 1966ರ ಡಿಸೆಂಬರಿನಲ್ಲಿ ರಚಿತವಾಗಿ 1969ರಲ್ಲಿ ವರದಿಯೊಪ್ಪಿಸಿದ ರಾಷ್ಟ್ರೀಯ ಕಾರ್ಮಿಕ ಆಯೋಗವು ಈ ಪ್ರಶ್ನೆಯನ್ನೇ ಎತ್ತಿಕೊಂಡು, 100 ಮಂದಿ ಅಥವಾ ಅದಕ್ಕೂ ಮಿಕ್ಕ ಕಾರ್ಮಿಕರಿರುವಲ್ಲಿ ಪ್ರಾತಿನಿಧಿಕ ಸಂಘಕ್ಕೆ ಮಾನ್ಯತೆಯನ್ನು ಕಡ್ಡಾಯಗೊಳಿಸಬೇಕೆಂದೂ, ಸಂಧಾನ ಮತ್ತು ತೀರ್ಪುಗಳನ್ನು ಸರಕಾರದ ಕೈಯಿಂದ ಬಿಡಿಸಿ ಸ್ವತಂತ್ರ ಕೈಗಾರಿಕಾ ಸಂಬಂಧ ಆಯೋಗಗಳಿಗೆ ವಹಿಸಬೇಕೆಂದೂ ಶಿಫಾರಸು ಮಾಡಿತು. ಮಹಾರಾಷ್ಟ್ರವು 1971ರಲ್ಲಿ ರಚಿಸಿ 1975ರಲ್ಲಿ ಜಾರಿಗೆ ತಂದ ಕಾಯಿದೆಯು ಶೇಕಡಾ 30ರಷ್ಟು ಸದಸ್ಯತ್ವವನ್ನು ಆರು ತಿಂಗಳು ಉಳಿಸಿಕೊಂಡ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಸದಸ್ಯರ ಪಟ್ಟಿಯನ್ನು ಎಣಿಸುವುದು ಬೇರೆ, ಕಾರ್ಮಿಕರ ಮನಸ್ಸನ್ನು ಅರಿಯುವುದು ಬೇರೆ. ಪಿಂಪ್ರಿಯ ಟೆಲ್ಕೊ ಕಾರ್ಖಾನೆಯಲ್ಲಿ 1988-89ರಲ್ಲಿ ಉಂಟಾದ ಕಲಹದಲ್ಲಿ ಆಡಳಿತವರ್ಗವು ಒಂದು ಸಂಘದೊಡನೆ ವೇತನದ ಕರಾರನ್ನು ಮಾಡಿಕೊಂಡಾಗ, ರಾಜನ್ ನಾಯರರ ನೇತೃತ್ವದ ಮತ್ತೊಂದು ಸಂಘದ ಕಾರ್ಮಿಕರು ಶನಿವಾರವಾಡೆಯ ಬಳಿ ಉಪವಾಸ ಕುಳಿತರು. 1989ರ ಸೆಪ್ಟೆಂಬರ್ ಕೊನೆಯಲ್ಲಿ ಪೊಲೀಸರು ಅವರನ್ನು ಬಂಧಿಸಿ ಎಬ್ಬಿಸಿದರು. ಕರಾರಿನ ಪತ್ರ ಸಿದ್ಧವಿದ್ದಿತು. ಅದನ್ನು ತಮ್ಮದೆಂದು ಒಪ್ಪಿಕೊಳ್ಳದ ಕಾರ್ಮಿಕರೂ ಬೀದಿಯಲ್ಲಿದ್ದರು.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಏಕೈಕ ಸಂಧಾನಸಂಘವೆಂದು ಗುರುತಿಸುತ್ತದೆ. ಪ್ರಮಾಣವನ್ನು ಏರಿಸಿದುದರಿಂದಲೇ ಸಮಸ್ಯೆ ಪರಿಹಾರವಾಗದು; ಆ ಬೆಂಬಲವನ್ನು ಗುಪ್ತಮತದಿಂದ ನಿರ್ಣಯಿಸಿದ ಮೇಲೆಯೇ ಸಂಧಾನದ ಮೇಜಿಗೆ ಕುಳಿತುಕೊಳ್ಳುವ ಪರಿಪಾಠ ಬೆಳೆಯತಕ್ಕುದು. ಪಂಚರ ಮುಂದೆ ಒಪ್ಪಿಗೆಪತ್ರಕ್ಕೆ ಸಹಿಮಾಡುವವನು ತಾನೇ ವ್ಯಾಜ್ಯದ ಪಕ್ಷವಾಗಿದ್ದುದರಿಂದ ಲವಾದ ನಿಂತಿತು. ಕಾರ್ಖಾನೆಯಲ್ಲಿ ಸಹಿಮಾಡುವವನು ಪ್ರತಿನಿಧಿಯಾದುದರಿಂದ, ಅವನ ಪ್ರಾತಿನಿಧ್ಯ ನಿಸ್ಸಂದಿಗ್ಧವಾಗದೆ ಯಾವ ಮಧ್ಯಸ್ಥನ ತೀರ್ಪೂ ನಿಲ್ಲಲಾರದು.