ದಾದರ್ ಯೂನಿಯನ್: ಹೆಸರು ದಾದರಿನದು, ಮೈದಾನ ಮಾಟುಂಗದ್ದು

1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕವು ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಹಿಂದಿಕ್ಕಿದ ಕತೆ ನಮ್ಮ ಕ್ರಿಕೆಟ್‌ಪ್ರಿಯರಿಗೆ ಬಾಯಿಪಾಠ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪ್ರಸನ್ನರ ಎಸೆತಕ್ಕೆ ಗಾವಸ್ಕರ್ ಬೌಲ್ಡ್, ಓಡುತ್ತ ಜಾರಿಬಿದ್ದ ವಾಡೇಕರ್ ರನೌಟ್. 1958–59ರಿಂದ 1972–73ರವರೆಗೆ ಸತತ 15 ವರ್ಷ ಬೇರೆ ಯಾರ ಕೈಗೂ ಸಿಗದ ಕಪ್ ಅಂದು ಬಾಂಬೆಯ ಕೈ ಜಾರಿತು. ಅಷ್ಟು ವರ್ಷ ಅದನ್ನು ಕಾದಿಟ್ಟುಕೊಂಡ ತಂಡ ತಯಾರಾದದ್ದು ಎಲ್ಲಿ ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ. ಅದರ ಒಂದು ದೊಡ್ಡ ಪಾಲು ತಯಾರಾದದ್ದು ಮುಂಬಯಿಯ ದಾದರ್‌ನ ಸುತ್ತಮುತ್ತಲ ಒಂದೆರಡು ಮೈಲಿಯೊಳಗೆ. ಆ ಆವರಣದ ಅತಿ ಯಶಸ್ವಿ ಕ್ಲಬ್‌ಗಳಲ್ಲಿ ಒಂದು ದಾದರ್ ಯೂನಿಯನ್ ಸ್ಪೋರ್ಟಿಂಗ್ ಕ್ಲಬ್.

ಊರು ಹುಟ್ಟಿದ ಬಗೆ

ಮರಾಠಿಯಲ್ಲಿ ‘ದಾದರ್’ ಎಂದರೆ ಮೆಟ್ಟಿಲು. 1896ರ ಪ್ಲೇಗಿನಲ್ಲಿ ದಕ್ಷಿಣ ಮುಂಬಯಿಯ ಇಕ್ಕಟ್ಟಾದ ಓಣಿಗಳು ತತ್ತರಿಸಿದ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗ, ವಡಾಲ, ಸಾಯನ್‌ಗಳಲ್ಲಿ ಗಾಳಿ ಬೆಳಕು ಇರುವ ಬಡಾವಣೆಗಳನ್ನು ಕಟ್ಟುವ ಯೋಜನೆ ಟ್ರಸ್ಟಿನದು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳು ಎದ್ದದ್ದು ಹೀಗೆ. ಅಗಲ ರಸ್ತೆ, ಮೂರು ಮಾಳಿಗೆಯ ಮನೆ, ನಡುನಡುವೆ ಬಯಲು. ಅಲ್ಲಿಗೆ ಬಂದು ನೆಲೆಸಿದವರು ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು, ವಕೀಲರು. ಮಾಟುಂಗದಲ್ಲಿ ದಕ್ಷಿಣದವರೂ ಸೇರಿಕೊಂಡರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. ರೈಲ್ವೆ ನಿಲ್ದಾಣದ ಪಕ್ಕದಲ್ಲಿ 1942ರಿಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಬಡಿಸುತ್ತಿದ್ದಾರೆ.

ಮುಂಬಯಿಯ ಹಳೆಯ ಜಿಮಖಾನಾಗಳು ಮರೀನ್ ಡ್ರೈವ್‌ನಲ್ಲಿ ಧರ್ಮವಾರು ಹಂಚಿಕೆಯಾದವು: ಹಿಂದೂ, ಪಾರ್ಸಿ, ಇಸ್ಲಾಂ. ದಾದರಿನ ಕ್ಲಬ್‌ಗಳು ಹಾಗಲ್ಲ, ಅವು ಮೊಹಲ್ಲಾದ ಕ್ಲಬ್‌ಗಳು. ಮಧ್ಯಮ ವರ್ಗದ ಮನೆ, ಕಾಲ್ನಡಿಗೆಯ ದೂರದಲ್ಲಿ ಶಾಲೆ, ಕಾಲೇಜು, ಮೈದಾನ. ಇಷ್ಟು ಕೂಡಿಬಂದ ಜಾಗ ದೇಶದಲ್ಲಿ ಇನ್ನೊಂದಿತ್ತೋ ಇಲ್ಲವೋ. ನನ್ನ ಪ್ರಕಾರ ಮುಂಬಯಿ ಕ್ರಿಕೆಟ್ಟಿನ ಗುಟ್ಟು ಯಾವ ಕೋಚ್‌ನಲ್ಲೂ ಇಲ್ಲ, ಇಂಪ್ರೂವ್‌ಮೆಂಟ್ ಟ್ರಸ್ಟಿನ ನಕ್ಷೆಯಲ್ಲಿದೆ.

ಹೆಸರು ದಾದರ್ ಯೂನಿಯನ್ ಆದರೂ ಕ್ಲಬ್ಬಿನ ಮನೆ ಮಾಟುಂಗ ಪೂರ್ವದ ದಡ್ಕರ್ ಮೈದಾನ. ಇದರಲ್ಲಿ ಮುಂಬಯಿಯವರಿಗೆ ವಿಚಿತ್ರವೇನೂ ಕಾಣುವುದಿಲ್ಲ. ದಾದರ್ ಎಲ್ಲಿ ಮುಗಿದು ಮಾಟುಂಗ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಅಲ್ಲಿಯವರೂ ಒಂದು ಗಳಿಗೆ ಯೋಚಿಸುತ್ತಾರೆ.

ಮಂತ್ರಿಯವರ ಗಡಿಯಾರ

ಕ್ಲಬ್ಬಿನ ಗುಣವನ್ನು ತಿದ್ದಿದವರು ಮಾಧವ ಮಂತ್ರಿ (1921–2014). ವಿಕೆಟ್‌ಕೀಪರ್, ಆರಂಭಿಕ ಬ್ಯಾಟ್ಸ್‌ಮನ್, ಹಿಂದೂ ಕಾಲೊನಿಯ ನಿವಾಸಿ. ಆಡಿದ್ದು ನಾಲ್ಕೇ ಟೆಸ್ಟ್. 1948–49ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ನಡೆದ, ಒಟ್ಟು 2,376 ರನ್ ಹರಿದ ರಣಜಿ ಸೆಮಿಫೈನಲ್‌ನಲ್ಲಿ 200 ಹೊಡೆದರು. ಬಾಂಬೆಗೆ ನಾಯಕರಾಗಿ ರಣಜಿ ಗೆದ್ದುಕೊಟ್ಟರು. ಇವೆಲ್ಲ ದಾಖಲೆ ಪುಸ್ತಕದಲ್ಲಿ ಸಿಗುವ ಮಾತು. ದಾದರ್ ಯೂನಿಯನ್‌ನವರು ನೆನೆಯುವುದು ಅವರ ಗಡಿಯಾರವನ್ನು.

ಪಂದ್ಯದ ದಿನ ಹೇಳಿದ ಹೊತ್ತಿಗೆ ಮೈದಾನದಲ್ಲಿರಬೇಕು, ಅದೂ ಬಿಳಿ ಬಟ್ಟೆ ತೊಟ್ಟು ಸಿದ್ಧವಾಗಿ. ಲೋಕಲ್ ಟ್ರೇನು ತಡವಾಯಿತು, ಮಳೆ ಬಂತು ಎಂಬ ನೆಪಗಳು ನಡೆಯುತ್ತಿರಲಿಲ್ಲ. ತಡವಾಗಿ ಬಂದವನು ಎಷ್ಟೇ ದೊಡ್ಡ ಆಟಗಾರನಾದರೂ ಅಂದು ಹೊರಗೆ. ಮಳೆಗಾಲದ ಮುಂಬಯಿಯಲ್ಲಿ ಈ ನಿಯಮ ಪಾಲಿಸುವುದೆಂದರೇನು ಎಂಬುದು ಹಳಿಯ ಮೇಲೆ ನೀರು ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಕಾದವರಿಗೇ ಗೊತ್ತು.

ಮಂತ್ರಿ ಸುನಿಲ್ ಗಾವಸ್ಕರರ ಸೋದರಮಾವ. ಬಾಲಕ ಸುನಿಲ್ ಒಮ್ಮೆ ಮಾವನ ಕಪಾಟಿನಲ್ಲಿದ್ದ ಭಾರತ ತಂಡದ ಸ್ವೆಟರ್ ಕೊಡಿ ಎಂದು ಕೇಳಿದ್ದನ್ನೂ, ಅದನ್ನು ಸಂಪಾದಿಸಿಕೊಳ್ಳಬೇಕು, ಕೇಳಿ ಪಡೆಯುವುದಲ್ಲ ಎಂದು ಮಾವ ತೆಗೆದುಕೊಡದೇ ಇದ್ದದ್ದನ್ನೂ ಗಾವಸ್ಕರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹುಡುಗ ಮುಂದೆ 125 ಟೆಸ್ಟ್ ಆಡಿ 10,122 ರನ್, 34 ಶತಕ ಗಳಿಸಿದ. ಮಾವನ ಸ್ವೆಟರಿನ ಅಗತ್ಯ ಬೀಳಲಿಲ್ಲ.

ವಾಸು ಪರಾಂಜಪೆ

ಮಂತ್ರಿಯವರದು ಶಿಸ್ತಾದರೆ, ವಾಸು ಪರಾಂಜಪೆಯವರದು (1938–2021) ನಗು. 29 ಪ್ರಥಮ ದರ್ಜೆ ಪಂದ್ಯಗಳನ್ನಷ್ಟೇ ಆಡಿದ ಇವರು ದಾದರ್ ಯೂನಿಯನ್‌ನ ನಾಯಕರಾಗಿ ಹುಡುಗರನ್ನು ಗುರುತಿಸುವುದರಲ್ಲಿ ಎತ್ತಿದ ಕೈ. ಗಾವಸ್ಕರರಿಗೆ ‘ಸನ್ನಿ’ ಎಂಬ ಹೆಸರಿಟ್ಟವರು ಇವರೇ. ಮುಂದೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲೂ ತರಬೇತಿ ಕೊಟ್ಟರು. ತಾಂತ್ರಿಕ ಪಾಠಕ್ಕಿಂತ ಕತೆ ಹೇಳಿ ಕಲಿಸುವ ಬಗೆ ಅವರದು. ಕ್ಲಬ್ಬಿಗೆ ಇಬ್ಬರೂ ಬೇಕಿತ್ತು: ಒಬ್ಬರು ಗಡಿಯಾರ ತೋರಿಸಲು, ಇನ್ನೊಬ್ಬರು ಬೆನ್ನು ತಟ್ಟಲು.

ಮಳೆಯಲ್ಲಿ ಆಡುವ ಲೀಗ್

ದಾದರ್ ಯೂನಿಯನ್‌ನ ಕೀರ್ತಿ ಬೆಳೆದ ಅಖಾಡಗಳಲ್ಲಿ ಕಾಂಗಾ ಲೀಗ್ ಮುಖ್ಯ. ಡಾ. ಎಚ್. ಡಿ. ಕಾಂಗಾ ಅವರ ಹೆಸರಿನಲ್ಲಿ 1948ರಲ್ಲಿ ಆರಂಭವಾದ ಈ ಲೀಗ್‌ನ ವಿಶೇಷವೆಂದರೆ, ಬೇರೆಡೆ ಬ್ಯಾಟು ಅಟ್ಟಕ್ಕೇರುವ ಹೊತ್ತಿನಲ್ಲಿ, ಮಳೆಗಾಲದಲ್ಲೇ ಆಟ. ಪಿಚ್‌ಗೆ ಹೊದಿಕೆಯಿಲ್ಲ. ಹುಲ್ಲು ಮೊಣಕಾಲಿಗೆ ಬರುವಂತೆ ಬೆಳೆದಿರುತ್ತದೆ, ನೆಲದ ಮೇಲೆ ಹೊಡೆದ ಚೆಂಡು ಬೌಂಡರಿ ತಲುಪದೆ ಅಲ್ಲೇ ಅಡಗಿಕೊಳ್ಳುತ್ತದೆ. ಒಂದು ಚೆಂಡು ತಲೆಗೆ ಏರಿದರೆ ಮುಂದಿನದು ಕಾಲಬುಡದಲ್ಲಿ ಜಾರುತ್ತದೆ. ಎ ಇಂದ ಜಿ ವರೆಗೆ ಏಳು ಶ್ರೇಣಿಗಳು. ಯೂರೋಪಿನ ಫುಟ್‌ಬಾಲ್ ಲೀಗ್‌ಗಳಂತೆ ಗೆದ್ದವರಿಗೆ ಬಡ್ತಿ, ಸೋತವರಿಗೆ ಇಳಿಕೆ. ಮೈದಾನಗಳೂ ಒಂದರೊಳಗೊಂದು. ಆಜಾದ್ ಮೈದಾನದ 22 ಪಿಚ್‌ಗಳಲ್ಲಿ ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರಿಗೆ ಬೆನ್ನು ಕೊಟ್ಟು ನಿಂತಿರುವುದುಂಟು.

ಇಂಥ ಪಿಚ್‌ನಲ್ಲಿ ನಲವತ್ತು ರನ್ ಹೊಡೆದವನಿಗೆ ಒಣ ಪಿಚ್ ಎಂದರೆ ಮನೆಯಂಗಳ. ಮುಂಬಯಿಯವರು ಹೆಮ್ಮೆಯಿಂದ ಹೇಳಿಕೊಳ್ಳುವ ‘ಖಡೂಸ್’ ಗುಣ, ನಮ್ಮ ಮಾತಿನಲ್ಲಿ ಜಿಗುಟುತನ, ಹುಟ್ಟಿದ್ದು ಈ ಕೆಸರಿನಲ್ಲೇ ಇರಬೇಕು. ಬೌಲರ್‌ಗಳಿಗೋ ಹಬ್ಬ. ದಾದರ್ ಯೂನಿಯನ್‌ನ ವಿಠಲ ‘ಮಾರ್ಷಲ್’ ಪಾಟೀಲ್ ಕಾಂಗಾ ಲೀಗ್‌ನಲ್ಲಿ 700ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಭಾರತಕ್ಕೆ ಆಡುವ ಯೋಗ ಅವರಿಗೆ ಬರಲಿಲ್ಲ. ಆದರೆ ಮಾಟುಂಗದ ಪೋದಾರ್ ಕಾಲೇಜಿನಲ್ಲಿ ಒಬ್ಬ ಎತ್ತರದ ಹುಡುಗನನ್ನು ತಿದ್ದಿದರು, ಅವನೇ ರವಿ ಶಾಸ್ತ್ರಿ. ಮಂಗಳೂರು ಮೂಲದ ಮನೆತನದ ಶಾಸ್ತ್ರಿ ಅದಕ್ಕೂ ಮೊದಲು, 1977ರಲ್ಲಿ, ಮಾಟುಂಗದ ಡಾನ್ ಬಾಸ್ಕೊ ಶಾಲೆಗೆ ನಾಯಕನಾಗಿ ಶಾಲಾ ಪಂದ್ಯಾವಳಿಯಾದ ಗೈಲ್ಸ್ ಶೀಲ್ಡ್ ಗೆದ್ದುಕೊಟ್ಟಿದ್ದರು.

ವಿದೇಶ ಪ್ರವಾಸದಿಂದ ಬೆಳಗ್ಗೆ ವಿಮಾನವಿಳಿದ ಗಾವಸ್ಕರ್ ಅದೇ ದಿನ ಕಾಂಗಾ ಪಂದ್ಯಕ್ಕೆ ಹಾಜರಾದ ಕತೆಯನ್ನು ದಾದರಿನವರು ಇಂದಿಗೂ ಹೇಳುತ್ತಾರೆ. ಮಂತ್ರಿಯವರ ಗಡಿಯಾರ ನೆನಪಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಒಂದೇ ಕ್ಲಬ್ಬಿನಿಂದ ಇಬ್ಬರು ಆರಂಭಿಕರು

1972ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ ಭಾರತದ ಇನಿಂಗ್ಸ್ ಆರಂಭಿಸಲು ಬಂದವರು ಗಾವಸ್ಕರ್ ಮತ್ತು ರಾಮನಾಥ್ ಪಾರ್ಕರ್. ಬಾಂಬೆಗೂ ಜೋಡಿ, ದಾದರ್ ಯೂನಿಯನ್‌ಗೂ ಜೋಡಿ. ಕವರ್ಸ್‌ನಲ್ಲಿ ಚಿರತೆಯಂತೆ ಫೀಲ್ಡ್ ಮಾಡುತ್ತಿದ್ದ ಪಾರ್ಕರ್‌ಗೆ ಸಿಕ್ಕದ್ದು ಎರಡೇ ಟೆಸ್ಟ್, 80 ರನ್. ಮುಂದೆ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ವರ್ಷಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ, 1999ರಲ್ಲಿ ತೀರಿಕೊಂಡರು.

ದಿಲೀಪ್ ವೆಂಗ್‌ಸರ್ಕಾರ್ ದಾದರ್‌ನ ಕಿಂಗ್ ಜಾರ್ಜ್ ಶಾಲೆಯ ಹುಡುಗ. 116 ಟೆಸ್ಟ್ ಆಡಿದರು, ಲಾರ್ಡ್ಸ್‌ನಲ್ಲಿ 1979, 1982, 1986ರಲ್ಲಿ ಶತಕ ಬಾರಿಸಿದರು. ಇವರ ನಂತರ ಬಂದ ಸಂಜಯ್ ಮಾಂಜ್ರೇಕರ್ ಹುಟ್ಟಿದ್ದು ಮಂಗಳೂರಿನಲ್ಲಿ, 1965ರಲ್ಲಿ. 1989ರ ಪಾಕಿಸ್ತಾನ ಪ್ರವಾಸದಲ್ಲಿ ಲಾಹೋರ್‌ನಲ್ಲಿ 218 ಹೊಡೆದ ಇವರ ನೇರ ಬ್ಯಾಟಿನಲ್ಲಿ ದಾದರ್ ಯೂನಿಯನ್ ಪಾಠಶಾಲೆಯ ಕೈಬರಹ ಕಾಣುತ್ತಿತ್ತು. ಗಾವಸ್ಕರ್, ವೆಂಗ್‌ಸರ್ಕಾರ್ ಇಬ್ಬರೂ ಭಾರತದ ನಾಯಕರಾದರು. ಒಂದು ಮೊಹಲ್ಲಾ ಕ್ಲಬ್ಬಿಗೆ ಇದಕ್ಕಿಂತ ಹೆಚ್ಚಿನ ಟ್ರೋಫಿ ಯಾವುದು?

ರೈಲು ಹಳಿಯಾಚೆಯ ಎದುರಾಳಿ

ದಾದರ್ ಯೂನಿಯನ್‌ನ ಕತೆ ಶಿವಾಜಿ ಪಾರ್ಕ್ ಜಿಮಖಾನಾ ಇಲ್ಲದೆ ಪೂರ್ತಿಯಾಗದು. ಹಳಿಯ ಪೂರ್ವಕ್ಕೆ ಇವರು, ಪಶ್ಚಿಮಕ್ಕೆ ಅವರು. 1925ರಲ್ಲಿ ಮಾಹಿಮ್ ಪಾರ್ಕ್ ಎಂದು ತೆರೆದ ಮೈದಾನಕ್ಕೆ, ನಗರಸಭೆಯ ಸದಸ್ಯೆ ಅವಂತಿಕಾಬಾಯಿ ಗೋಖಲೆಯವರ ಪ್ರಯತ್ನದಿಂದ 1927ರಲ್ಲಿ ಶಿವಾಜಿಯ ಹೆಸರು ಬಂತು. ಸುತ್ತ ಕೂರಲು ಇರುವ ಗಿಡ್ಡ ಗೋಡೆಗೆ ಅಲ್ಲಿಯವರು ‘ಕಟ್ಟಾ’ ಎನ್ನುತ್ತಾರೆ. ನಮ್ಮ ಅರಳಿಕಟ್ಟೆಯ ಕಟ್ಟೆಯೇ ಅದು. ಕೆಲಸವೂ ಅದೇ, ಹರಟೆ.

ಆ ಕಡೆಯವರ ಪಟ್ಟಿಯೂ ಸಣ್ಣದಲ್ಲ. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್‌ನಲ್ಲಿ ಸರಣಿ ಗೆದ್ದ ತಂಡದ ನಾಯಕ ಅಜಿತ್ ವಾಡೇಕರ್, ಸಂದೀಪ್ ಪಾಟೀಲ್, ಪದ್ಮಾಕರ್ ಶಿವಾಲ್ಕರ್. 589 ಪ್ರಥಮ ದರ್ಜೆ ವಿಕೆಟ್ ಪಡೆದರೂ, ತಮ್ಮಂತೆಯೇ ಎಡಗೈ ಸ್ಪಿನ್ನರ್ ಆದ ಬೇಡಿಯವರ ಕಾಲದಲ್ಲಿ ಹುಟ್ಟಿದ ತಪ್ಪಿಗೆ ಶಿವಾಲ್ಕರ್ ಒಂದೂ ಟೆಸ್ಟ್ ಆಡಲಿಲ್ಲ. ಈ ಎರಡು ಕ್ಲಬ್‌ಗಳು ಎದುರಾದ ದಿನ ಮೈದಾನದ ಸುತ್ತ ಜನ ನೆರೆಯುತ್ತಿದ್ದರು. ವಾರವಿಡೀ ಬಾಂಬೆಯ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿದ್ದವರು ಭಾನುವಾರ ಎದುರುಬದುರು.

ಸಂಬಳ ಆಫೀಸಿನದು, ಆಟ ಕ್ಲಬ್ಬಿನದು

ಕ್ಲಬ್ ಯಾರಿಗೂ ಸಂಬಳ ಕೊಡಲಿಲ್ಲ. ಮಂತ್ರಿಗೆ ಎಸಿಸಿ ಸಿಮೆಂಟ್ ಕಂಪನಿ, ಗಾವಸ್ಕರರಿಗೆ ನಿರ್ಲಾನ್, ವಾಡೇಕರರಿಗೆ ಸ್ಟೇಟ್ ಬ್ಯಾಂಕ್ ನೌಕರಿ ಕೊಟ್ಟವು. ಆ ಆಫೀಸು ತಂಡಗಳಿಗೆ ಟೈಮ್ಸ್ ಶೀಲ್ಡ್ ಎಂಬ ಬೇರೆಯೇ ಪಂದ್ಯಾವಳಿ ಇತ್ತು. ಕಂಪನಿಯನ್ನೇ ನಂಬಿದ ಕ್ಲಬ್ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೇ ನಗರದ ಫುಟ್‌ಬಾಲ್‌ನಲ್ಲಿದೆ. 1962ರಲ್ಲಿ ಹುಟ್ಟಿ, 2005–06ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ ತಂಡವನ್ನು ಕಂಪನಿ 2010ರಲ್ಲಿ ಮುಚ್ಚಿತು. ದಾದರ್ ಯೂನಿಯನ್‌ಗೆ ಮಾಲೀಕನೇ ಇರಲಿಲ್ಲ, ಹಾಗಾಗಿ ಮುಚ್ಚುವವನೂ ಇರಲಿಲ್ಲ.

ಹಾಗೆಂದು ಹಳೆಯ ವೈಭವ ಉಳಿದಿದೆ ಎನ್ನಲಾಗದು. ಭಾರತದ ಪರ ಆಡುವವರಿಗೆ ಈಗ ಕ್ಲಬ್ ಪಂದ್ಯಕ್ಕೆ ಬಿಡುವಿಲ್ಲ, ಆಟಗಾರರ ಮನೆಗಳು ದೂರದ ಉಪನಗರಗಳಿಗೆ ಸರಿದಿವೆ, ಕಂಪನಿಗಳು ಕ್ರಿಕೆಟಿಗರಿಗೆ ನೌಕರಿ ಕೊಡುವುದು ಕಡಿಮೆಯಾಗಿದೆ.

ಮತ್ತೆ ಬೆಂಗಳೂರು

ಗಾವಸ್ಕರರ ತಂಗಿ ಕವಿತಾ ಅವರನ್ನು ಮದುವೆಯಾದವರು ಭದ್ರಾವತಿಯ ವಿಶ್ವನಾಥ್. ಮೈದಾನದಲ್ಲಿ ಮಾತ್ರ ನೆಂಟಸ್ತಿಕೆ ನಡೆಯಲಿಲ್ಲ. 1981–82ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ಪರ ಪುತ್ತೂರಿನ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಹ್ಯಾಟ್ರಿಕ್ ಸಹಿತ 8 ವಿಕೆಟ್ ಕಿತ್ತು ಬಾಂಬೆಯನ್ನು ಕಂಗೆಡಿಸಿದಾಗ, ಎರಡನೇ ಇನಿಂಗ್ಸ್‌ನಲ್ಲಿ ಗಾವಸ್ಕರ್ ಭಟ್ಟರ ಎಸೆತಗಳನ್ನು ಎಡಗೈಯಲ್ಲಿ ಆಡಿದರು, ಉಳಿದವರನ್ನು ಬಲಗೈಯಲ್ಲಿ. ಔಟಾಗಲಿಲ್ಲ. ಕೆಸರಿನ ಪಿಚ್‌ನಲ್ಲಿ ಕಲಿತ ಜಿಗುಟುತನ ಹೇಗಿರುತ್ತದೆ ಎಂಬುದನ್ನು ಬೆಂಗಳೂರು ಅಂದು ಕಣ್ಣಾರೆ ಕಂಡಿತು. ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಫೈನಲ್‌ಗೆ ಹೋದದ್ದು ಕರ್ನಾಟಕವೇ.

ಮಳೆಗಾಲದ ಭಾನುವಾರ ಮುಂಬಯಿಯಲ್ಲಿದ್ದರೆ ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣದಲ್ಲಿ ಇಳಿಯಿರಿ. ರಾಮ ನಾಯಕರಲ್ಲಿ ಊಟ ಮಾಡಿ, ಕೊಡೆ ಹಿಡಿದು ದಡ್ಕರ್ ಮೈದಾನದ ಕಡೆ ನಡೆಯಿರಿ. ಕಾಂಗಾ ಲೀಗ್ ಪಂದ್ಯಕ್ಕೆ ಟಿಕೆಟ್ ಇಲ್ಲ.