ಗೋವಾದಲ್ಲಿ ಮಹಿಳಾ ಅಧ್ಯಯನ: ಕನ್ನಡ ವಿದ್ಯಾರ್ಥಿನಿಯರಿಗೆ ದೊರೆಯುವ ಧನಸಹಾಯ ಮತ್ತು ಆಕರಗಳು

2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆ 14.58 ಲಕ್ಷ. ಅವರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ನಮೂದಿಸಿದವರು ಶೇ. 4.6ಕ್ಕೂ ಹೆಚ್ಚು. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವಿನ ಮೋತಿ ಡೊಂಗರ, ಚಿಂಬೆಲ್‌ನ ಇಂದಿರಾನಗರ ಮೊದಲಾದ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಬಹುಪಾಲು ಜನ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕೂಲಿ ಅರಸಿ ಬಂದವರು. ಆ ಮನೆಗಳ ಹೆಣ್ಣುಮಕ್ಕಳು ಇಂದು ಪದವಿ ಮುಗಿಸಿ ಮುಂದೇನು ಎಂದು ಕೇಳುತ್ತಿದ್ದಾರೆ. ಮಹಿಳಾ ಅಧ್ಯಯನವನ್ನು ಆಯ್ದುಕೊಳ್ಳಬಯಸುವವರಿಗೆ ಯಾವ ನೆರವು ಎಲ್ಲಿಂದ, ಯಾವ ಷರತ್ತಿನ ಮೇಲೆ ದೊರೆಯುತ್ತದೆ, ಗಡಿ ದಾಟಿ ಬಂದ ಕುಟುಂಬಕ್ಕೆ ಎಲ್ಲಿ ತೊಡಕು ಎದುರಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಕ್ರೋಡೀಕರಿಸಿದ್ದೇವೆ.

ಅಧ್ಯಯನ ಶಿಸ್ತಿನ ಹಿನ್ನೆಲೆ

ಭಾರತದಲ್ಲಿ ಮಹಿಳಾ ಅಧ್ಯಯನವು ಸ್ವತಂತ್ರ ಶಿಸ್ತಾಗಿ ಬೆಳೆಯಲು 1974ರಲ್ಲಿ ಕೇಂದ್ರಕ್ಕೆ ಸಲ್ಲಿಕೆಯಾದ ಮಹಿಳೆಯರ ಸ್ಥಿತಿಗತಿ ಸಮಿತಿಯ ವರದಿ ಮುಖ್ಯ ಪ್ರೇರಣೆಯಾಯಿತು. 1981ರಲ್ಲಿ ಮುಂಬಯಿಯಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ ಸ್ಥಾಪನೆಯಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯು.ಜಿ.ಸಿ.) ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನ ಕೇಂದ್ರಗಳಿಗೆ ಅನುದಾನ ನೀಡತೊಡಗಿತು. 1985ರಲ್ಲಿ ಕಾರ್ಯಾರಂಭ ಮಾಡಿದ ಗೋವಾ ವಿಶ್ವವಿದ್ಯಾಲಯವೂ ಈ ಪ್ರವಾಹಕ್ಕೆ ಸೇರಿತು. ಮಹಿಳಾ ಅಧ್ಯಯನ ಸಂಘದ ಹನ್ನೊಂದನೆಯ ರಾಷ್ಟ್ರೀಯ ಸಮ್ಮೇಳನ 2005ರಲ್ಲಿ ಗೋವಾದಲ್ಲಿಯೇ ಜರುಗಿತ್ತು. ಇಂದು ತಾಳೆಗಾಂವ ಪ್ರಸ್ಥಭೂಮಿಯ ಆವರಣದಲ್ಲಿ ಈ ವಿಷಯದ ಬೋಧನೆ ಡಿ.ಡಿ. ಕೋಸಂಬಿ ಅವರ ಹೆಸರಿನ ಸಮಾಜವಿಜ್ಞಾನ ಶಾಲೆಯ ಅಂಗವಾಗಿ ನಡೆಯುತ್ತದೆ.

ಒಂದು ಸಂಗತಿಯನ್ನು ಗಮನದಲ್ಲಿರಿಸಬೇಕು. ಕೇಂದ್ರಗಳಿಗೆ ಬರುವ ಅನುದಾನ ಬೇರೆ, ವಿದ್ಯಾರ್ಥಿಗೆ ಬರುವ ವೇತನ ಬೇರೆ. ಪಂಚವಾರ್ಷಿಕ ಯೋಜನೆಗಳ ಪದ್ಧತಿ 2017ರಲ್ಲಿ ಕೊನೆಗೊಂಡಾಗ ದೇಶದ ಮಹಿಳಾ ಅಧ್ಯಯನ ಕೇಂದ್ರಗಳ ಅನುದಾನ ಅನಿಶ್ಚಿತವಾಯಿತು. ಆದರೆ ವಿದ್ಯಾರ್ಥಿಯು ತನ್ನ ಹೆಸರಿನಲ್ಲಿ ಪಡೆದ ಶಿಷ್ಯವೇತನ ಕೇಂದ್ರದ ಏಳುಬೀಳುಗಳನ್ನು ಅವಲಂಬಿಸಿಲ್ಲ. ಆದ್ದರಿಂದ ವಿಭಾಗದ ಕಡೆಯಿಂದ ಏನು ದೊರೆಯುವುದೆಂದು ಕಾಯುವುದಕ್ಕಿಂತ ವೈಯಕ್ತಿಕ ಶಿಷ್ಯವೇತನಕ್ಕೆ ಅರ್ಜಿ ಹಾಕುವುದು ಸುರಕ್ಷಿತ ಮಾರ್ಗ.

ಸ್ನಾತಕೋತ್ತರ ಹಂತ

ಗೋವಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶಕ್ಕೆ ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಧಾರವಾಡ, ಬೆಳಗಾವಿ ಅಥವಾ ವಿಜಯಪುರದಲ್ಲಿ ಪದವಿ ಪಡೆದವರು ವಲಸೆ ಪ್ರಮಾಣಪತ್ರವನ್ನೂ ಅರ್ಹತಾ ಪತ್ರವನ್ನೂ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳಬೇಕು. ಪ್ರವೇಶ ಖಚಿತವಾಗದೆ ಯಾವ ವಿದ್ಯಾರ್ಥಿವೇತನದ ಅರ್ಜಿಯೂ ಮುಂದೆ ಸಾಗುವುದಿಲ್ಲ.

ಈ ಹಂತದಲ್ಲಿ ಮೊದಲು ಗಮನಿಸಬೇಕಾದದ್ದು ಯು.ಜಿ.ಸಿ.ಯ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ. ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು, ಎರಡು ವರ್ಷಗಳ ಅವಧಿಗೆ ಇದು ದೊರೆಯುತ್ತದೆ. ಒಟ್ಟು 10,000 ವಿದ್ಯಾರ್ಥಿವೇತನಗಳಲ್ಲಿ ಶೇ. 30 ಮಹಿಳೆಯರಿಗೆ ಮೀಸಲು. ಪದವಿಯ ಅಂಕಗಳೇ ಆಯ್ಕೆಯ ಆಧಾರ. ನಿಯತ ತರಗತಿಗೆ ಹಾಜರಾಗುವ ಮೊದಲ ವರ್ಷದ ವಿದ್ಯಾರ್ಥಿಗಳು ಮಾತ್ರ ಅರ್ಜಿ ಸಲ್ಲಿಸಬಹುದು. ವಯಸ್ಸು 30 ಮೀರಿರಬಾರದು. ಒಂಟಿ ಹೆಣ್ಣುಮಗುವಿಗೆಂದು ಹಿಂದೆ ಇದ್ದ ಇಂದಿರಾ ಗಾಂಧಿ ಹೆಸರಿನ ಸ್ನಾತಕೋತ್ತರ ವಿದ್ಯಾರ್ಥಿವೇತನ ಇದರಲ್ಲಿಯೇ ವಿಲೀನವಾಗಿರುವುದರಿಂದ ಹಳೆಯ ಹೆಸರಿನಲ್ಲಿ ಹುಡುಕುವುದು ವ್ಯರ್ಥ. ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಸಲ್ಲಿಸಬೇಕು. ಅದಕ್ಕೆ ಮೊದಲು ಆಧಾರ್ ಆಧಾರಿತ ಒಂದು ಬಾರಿಯ ನೋಂದಣಿ ಕಡ್ಡಾಯ. ಬ್ಯಾಂಕ್ ಖಾತೆಯೂ ಆಧಾರ್‌ಗೆ ಜೋಡಣೆಯಾಗಿರಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ರಾಜ್ಯದ ಪಾಲು ಇರುವುದರಿಂದಲೇ ಯಾವ ರಾಜ್ಯ ಕೊಡಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ.

ಜಾತಿ ಪ್ರಮಾಣಪತ್ರ ಮತ್ತು ಗಡಿಯ ತೊಡಕು

ಗೋವಾದ ಕನ್ನಡ ಕುಟುಂಬಗಳಿಗೆ ಅತ್ಯಂತ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯವಾರು ಇರುತ್ತದೆ. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ; ಗೋವಾದ ಪರಿಶಿಷ್ಟ ಜಾತಿಗಳ ಕಿರುಪಟ್ಟಿಯಲ್ಲಿ ಅದರ ಹೆಸರಿಲ್ಲ. ಬಾಲ್ಯದಲ್ಲಿಯೇ ಆಂಧ್ರಪ್ರದೇಶದಿಂದ ಮುಂಬಯಿಗೆ ಬಂದ ವಿದ್ಯಾರ್ಥಿಯೊಬ್ಬರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಂಗಡದ ಮೀಸಲಾತಿ ಕೋರಿದ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ, ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ವಲಸೆ ಹೋದ ರಾಜ್ಯದಲ್ಲಿ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತು. 2018ರ ಬೀರ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಈ ನಿಲುವನ್ನು ಪುನರುಚ್ಚರಿಸಿತು.

ಪರಿಣಾಮವಾಗಿ, ವಾಸ್ಕೋದಲ್ಲಿ ಹುಟ್ಟಿ ಬೆಳೆದ ಲಂಬಾಣಿ ವಿದ್ಯಾರ್ಥಿನಿಯನ್ನು ಗೋವಾ ಸರಕಾರ ತನ್ನ ಪರಿಶಿಷ್ಟ ಜಾತಿಯವಳೆಂದು ಪರಿಗಣಿಸುವುದಿಲ್ಲ. ಕರ್ನಾಟಕದ ಕಚೇರಿ ಅವಳು ತನ್ನ ರಾಜ್ಯದ ಕಾಯಂ ನಿವಾಸಿಯೇ ಎಂದು ಕೇಳುತ್ತದೆ. ಎರಡೂ ದಡಗಳಿಂದ ದೂರವಾಗಿ ನಡುನೀರಿನಲ್ಲಿ ನಿಲ್ಲುವ ಈ ಸ್ಥಿತಿಯಿಂದ ಪಾರಾಗಲು ಮೂರು ಕ್ರಮಗಳನ್ನು ಸೂಚಿಸುತ್ತೇವೆ.

ಮೊದಲನೆಯದಾಗಿ, ಮೂಲ ಊರಿನ ತಹಶೀಲ್ದಾರರಿಂದ ತಂದೆಯ ಹೆಸರಿನ ಜಾತಿ ಪ್ರಮಾಣಪತ್ರವನ್ನು ಪಡೆದು ಜೋಪಾನವಾಗಿಡಬೇಕು. ಇದರ ಆಧಾರದ ಮೇಲೆ ವಲಸೆ ಬಂದ ರಾಜ್ಯದ ಅಧಿಕಾರಿಗಳೂ ಮಕ್ಕಳಿಗೆ ಮೂಲ ರಾಜ್ಯವನ್ನು ನಮೂದಿಸಿ ಪ್ರಮಾಣಪತ್ರ ನೀಡಬಹುದೆಂದು ಕೇಂದ್ರ ಗೃಹ ಸಚಿವಾಲಯ 1980ರ ದಶಕದಲ್ಲಿಯೇ ಸೂಚಿಸಿದೆ. ಮದುವೆಯಾಗಿ ಗೋವಾಕ್ಕೆ ಬಂದ ಹೆಣ್ಣುಮಗಳಿಗೂ ಜಾತಿಯನ್ನು ನಿರ್ಣಯಿಸುವುದು ಹುಟ್ಟಿದ ಮನೆಯೇ ಹೊರತು ಗಂಡನ ಮನೆಯಲ್ಲ. ಎರಡನೆಯದಾಗಿ, ಕುಟುಂಬದ ಪಡಿತರ ಚೀಟಿ, ಜಮೀನಿನ ಪಹಣಿ, ಮತದಾರರ ಪಟ್ಟಿಯ ಹೆಸರು ಊರಿನಲ್ಲಿಯೇ ಇದ್ದರೆ ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯಲ್ಲಿ ಹೊರರಾಜ್ಯದಲ್ಲಿ ಓದುವ ವಿದ್ಯಾರ್ಥಿಯಾಗಿ ವಿಚಾರಿಸಬೇಕು; ನಿರಾಕರಿಸಿದರೆ ಲಿಖಿತ ಉತ್ತರ ಕೇಳಬೇಕು. ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಸಾಧ್ಯವಿಲ್ಲ. ಮೂರನೆಯದಾಗಿ, ಕೇಂದ್ರವೇ ನೇರವಾಗಿ ನೀಡುವ ಶಿಷ್ಯವೇತನಗಳಿಗೆ ಮೂಲ ರಾಜ್ಯದ ಪ್ರಮಾಣಪತ್ರ ಸಾಕಾಗುತ್ತದೆ. ಅಭ್ಯರ್ಥಿ ಗೋವಾದಲ್ಲಿದ್ದಾಳೆಂಬ ಕಾರಣ ಅಲ್ಲಿ ಅಡ್ಡಿಯಾಗದು. ಆದ್ದರಿಂದ ರಾಜ್ಯದ ಬಾಗಿಲು ಮುಚ್ಚಿದರೂ ಕೇಂದ್ರದ ಬಾಗಿಲು ತಟ್ಟುವುದನ್ನು ಬಿಡಬಾರದು.

'ಅಲ್ಪಸಂಖ್ಯಾತ' ಎಂಬ ಪದದ ಕುರಿತು

ಭಾಷಾ ಅಲ್ಪಸಂಖ್ಯಾತರಾದ ನಮಗೆ ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ರಕ್ಷಣೆ ನೀಡುತ್ತವೆ. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೆ ಸಂಬಂಧಿಸಿದೆ. ಉನ್ನತ ಶಿಕ್ಷಣದ ಧನಸಹಾಯ ಇವುಗಳ ವ್ಯಾಪ್ತಿಯಲ್ಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿರುವ 'ಅಲ್ಪಸಂಖ್ಯಾತ' ಕಾಲಂ ಧಾರ್ಮಿಕ ಅಲ್ಪಸಂಖ್ಯಾತರಿಗೆ, ಅಂದರೆ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಮತ್ತು ಪಾರಸಿಗಳಿಗೆ ಮೀಸಲಾಗಿದೆ. ಕನ್ನಡಿಗರೆಂಬ ಕಾರಣಕ್ಕೆ ಅದನ್ನು ಗುರುತಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಧಾರ್ಮಿಕ ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಶಿಷ್ಯವೇತನವನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ.

ಗೋವಾ ಸರಕಾರದ ನೆರವು

ಗೋವಾ ಶಿಕ್ಷಣ ಅಭಿವೃದ್ಧಿ ನಿಗಮವು ಬಡ್ಡಿರಹಿತ ಶಿಕ್ಷಣ ಸಾಲ ನೀಡುತ್ತದೆ. ಉನ್ನತ ಶಿಕ್ಷಣ ನಿರ್ದೇಶನಾಲಯದ ಬರ್ಸರಿ ಯೋಜನೆ ಆರ್ಥಿಕವಾಗಿ ಹಿಂದುಳಿದವರಿಗೆ ಮೀಸಲು. ರಾಜ್ಯದ ಯೋಜನೆಗಳಲ್ಲಿ ಜಾತಿಗಿಂತ ವಾಸದ ಅವಧಿಯೇ ನಿರ್ಣಾಯಕವಾಗುವುದು ಹೆಚ್ಚು. ಅದಕ್ಕೆ ಬೇಕಾದದ್ದು ಮಾಮಲೇದಾರರ ಕಚೇರಿ ನೀಡುವ 15 ವರ್ಷಗಳ ವಾಸ ಪ್ರಮಾಣಪತ್ರ. ಬಾಡಿಗೆ ಕೋಣೆಗಳನ್ನು ಬದಲಿಸುತ್ತ ಬದುಕುವ ಕುಟುಂಬಗಳಿಗೆ ಇದನ್ನು ಪಡೆಯುವುದು ಸುಲಭವಲ್ಲ. ಒಂದನೆಯ ತರಗತಿಯಿಂದ ಮೊದಲ್ಗೊಂಡು ಎಲ್ಲ ಶಾಲಾ ದಾಖಲೆಗಳನ್ನು ಕಾಪಾಡಿದರೆ ಅವೇ ವಾಸದ ಪ್ರಬಲ ಸಾಕ್ಷ್ಯವಾಗುತ್ತವೆ. ಮಗಳು ಪದವಿ ತರಗತಿಯಲ್ಲಿರುವಾಗಲೇ ಈ ಪತ್ರಕ್ಕೆ ಅರ್ಜಿ ಹಾಕುವುದು ಒಳಿತು.

ಸಂಶೋಧನೆಯ ಹಂತ

'ಮಹಿಳಾ ಅಧ್ಯಯನ' ಯು.ಜಿ.ಸಿ. ನೆಟ್ ಪರೀಕ್ಷೆಯ ಸ್ವತಂತ್ರ ವಿಷಯ. ಲಿಂಗತ್ವ ಅಧ್ಯಯನವೂ ಇದರಲ್ಲಿ ಅಡಕ. ಸ್ನಾತಕೋತ್ತರದಲ್ಲಿ ಶೇ. 55, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ ಶೇ. 50 ಅಂಕ ಅಗತ್ಯ. ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ 30 ವರ್ಷದ ಮಿತಿ ಇದ್ದು ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆ ಉಂಟು. ಆಯ್ಕೆಯಾದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ದೊರೆಯುತ್ತದೆ. ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಭಾಷಾ ವಿಷಯಗಳನ್ನು ಬಿಟ್ಟರೆ ಈ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ನಡೆಯುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಪಾರಿಭಾಷಿಕ ಪದಗಳ ಸಿದ್ಧತೆಗೆ ವಿಶೇಷ ಗಮನ ಕೊಡಬೇಕು.

ಸಹೋದರ ಸಹೋದರಿಯರಿಲ್ಲದ ಏಕೈಕ ಪುತ್ರಿಗೆ ಯು.ಜಿ.ಸಿ. ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಶಿಷ್ಯವೇತನ ನೀಡುತ್ತದೆ. ಇದಕ್ಕೆ ವಯೋಮಿತಿ 40, ಮೀಸಲು ವರ್ಗದವರಿಗೆ 45. ಪರಿಶಿಷ್ಟ ಜಾತಿ, ಪಂಗಡ ಮತ್ತು ಇತರೆ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಶಿಷ್ಯವೇತನಗಳಿವೆ. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯೂ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಶಿಷ್ಯವೇತನ ನೀಡುತ್ತದೆ.

ವಿದೇಶದಲ್ಲಿ ಓದಬಯಸುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ನಿಯಮಗಳು ಭಾರತದ ಸಂಸ್ಕೃತಿ, ಇತಿಹಾಸ ಹಾಗೂ ಭಾರತೀಯ ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟವು. ಮಹಿಳಾ ಅಧ್ಯಯನದ ಬಹುತೇಕ ಸಂಶೋಧನೆ ಇದೇ ವ್ಯಾಪ್ತಿಗೆ ಬರುವುದರಿಂದ ಅರ್ಜಿಗೆ ಮುನ್ನ ಆ ವರ್ಷದ ನಿಯಮವನ್ನು ಓದಿಕೊಳ್ಳಬೇಕು.

ಸಂಸಾರ ಹೊತ್ತ ಮಹಿಳೆಯರು ತಿಳಿಯಬೇಕಾದ ಮತ್ತೊಂದು ಹಕ್ಕಿದೆ. ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮಾವಳಿಯಂತೆ ಮಹಿಳಾ ಸಂಶೋಧಕರಿಗೆ ಹೆಚ್ಚುವರಿ ಎರಡು ವರ್ಷಗಳ ಅವಕಾಶ ಹಾಗೂ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಉಂಟು. ಹೆರಿಗೆಯ ಕಾರಣಕ್ಕೆ ನೋಂದಣಿ ಕೈಬಿಡಬೇಕಾದ ಅಗತ್ಯವಿಲ್ಲ.

ದುಡಿಯುತ್ತಲೇ ಓದಬೇಕಾದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮಹಿಳಾ ಮತ್ತು ಲಿಂಗತ್ವ ಅಧ್ಯಯನದ ಎಂ.ಎ. ಉತ್ತಮ ಪರ್ಯಾಯ. ಕನ್ನಡದಲ್ಲಿಯೇ ಸಂಶೋಧನೆ ಮಾಡಬಯಸುವವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗವೂ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇವೆ.

ಗ್ರಂಥ ಮತ್ತು ದಾಖಲೆಗಳು

ಹಣದಷ್ಟೇ ಮುಖ್ಯವಾದದ್ದು ಓದುವ ಸಾಮಗ್ರಿ. 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದ ಬಳಿಕ ಸರಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಉಚಿತವಾಗಿ ಓದಬಹುದು. ಶೋಧಗಂಗಾ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಎಲ್ಲರಿಗೂ ಲಭ್ಯ. ಪಣಜಿಯ ಪಾಟೋದಲ್ಲಿರುವ ಕೃಷ್ಣದಾಸ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯ 1832ರಷ್ಟು ಹಳೆಯದು. ಪೋರ್ವೊರಿಮ್‌ನ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರ ಹಾಗೂ ಗೋವಾ ಪತ್ರಾಗಾರ ಪೋರ್ತುಗೀಸ್ ಕಾಲದ ದಾಖಲೆಗಳಿಗೆ ಹೆಸರಾಗಿವೆ. ವಿವಾಹಿತೆಗೆ ಆಸ್ತಿಯಲ್ಲಿ ಸಮಪಾಲು ನೀಡುವ ಗೋವಾದ ನಾಗರಿಕ ಸಂಹಿತೆ 1867ರ ಪೋರ್ತುಗೀಸ್ ಸಂಹಿತೆಯಿಂದ ಬಂದದ್ದು. ಆ ಹಕ್ಕು ವಲಸೆ ಕುಟುಂಬದ ಹೆಣ್ಣುಮಗಳನ್ನು ಎಷ್ಟರ ಮಟ್ಟಿಗೆ ತಲುಪಿದೆ ಎಂಬುದು ಉತ್ತಮ ಸಂಶೋಧನಾ ಪ್ರಶ್ನೆ.

ಕನ್ನಡವೇ ಬಂಡವಾಳ

ಕಡಲತೀರದಲ್ಲಿ ಮಣಿಸರ ಮಾರುವ ಲಂಬಾಣಿ ಮಹಿಳೆ, ಕಟ್ಟಡದ ಕೂಲಿ, ಮನೆಗೆಲಸದಾಕೆ, 2004ರಲ್ಲಿ ಬೈನಾ ಕಡಲತೀರದ ಮನೆಗಳು ನೆಲಸಮವಾದಾಗ ನೆಲೆ ಕಳೆದುಕೊಂಡ ಹೆಂಗಸು: ಇವರೆಲ್ಲರ ಕುರಿತು ಬರೆದವರು ಬಹುತೇಕ ಅವರ ಭಾಷೆ ಅರಿಯದವರು. ಕನ್ನಡ ಬಲ್ಲ ವಿದ್ಯಾರ್ಥಿನಿಗೆ ದುಭಾಷಿಯ ಹಂಗಿಲ್ಲ. ಆ ತಾಯಂದಿರು ಅವಳೊಡನೆ ತಮ್ಮ ಮಾತಿನಲ್ಲಿಯೇ ಮಾತಾಡುತ್ತಾರೆ. ಸಂಶೋಧನಾ ಪ್ರಸ್ತಾವದಲ್ಲಿ ಈ ಅನುಕೂಲವನ್ನು ಸ್ಪಷ್ಟವಾಗಿ ನಮೂದಿಸಬೇಕೆಂದು ನಮ್ಮ ಸಲಹೆ.

ಕನ್ನಡ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ರಾಜ್ಯೋತ್ಸವದ ಸನ್ಮಾನದೊಂದಿಗೆ ವರ್ಷಕ್ಕೊಮ್ಮೆ ಪ್ರಮಾಣಪತ್ರಗಳ ಮಾಹಿತಿ ಶಿಬಿರವನ್ನೂ ನಡೆಸಿದರೆ ಅನೇಕ ಹೆಣ್ಣುಮಕ್ಕಳ ಓದು ನಿಲ್ಲದೆ ಸಾಗೀತು. ವಿದ್ಯಾರ್ಥಿನಿಯರು ಪದವಿಯ ಅಂತಿಮ ವರ್ಷದಲ್ಲಿಯೇ ಜಾತಿ, ಆದಾಯ ಮತ್ತು ವಾಸದ ಪತ್ರಗಳನ್ನು ಕೈಯಲ್ಲಿರಿಸಿಕೊಳ್ಳಬೇಕು. ಪ್ರವೇಶವಾದ ವಾರದಲ್ಲಿಯೇ ರಾಷ್ಟ್ರೀಯ ಜಾಲತಾಣದಲ್ಲಿ ನೋಂದಾಯಿಸಬೇಕು. ಅರ್ಜಿಯನ್ನು ವಿಶ್ವವಿದ್ಯಾಲಯ ದೃಢೀಕರಿಸಿದೆಯೇ ಎಂದು ತಾವೇ ವಿಚಾರಿಸಬೇಕು. ಮೊತ್ತ ಮತ್ತು ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಅಂತಿಮವೆಂದು ತಿಳಿಯತಕ್ಕದ್ದು.